ಊಟಕ್ಕೆಂದೇ ವಿದೇಶ: ಶ್ರೀಲಂಕಾ, ಮಲೇಷ್ಯಾದ ಪೆನಾಂಗ್, ಥೈಲ್ಯಾಂಡ್, ವಿಯೆಟ್ನಾಂ ಪೈಕಿ ಯಾವುದಕ್ಕೆ ಟಿಕೆಟ್ ಮಾಡಿಸುವುದು?

ಮೈಸೂರು, ಮಂಡ್ಯದಿಂದ ಹೊರಡುವ ಗ್ರೂಪ್ ಟೂರ್‌ಗಳ ಕರಪತ್ರ ತೆಗೆದು ನೋಡಿ. ಬೆಳಗ್ಗೆ ಹೋಟೆಲ್ ಬಫೆ, ರಾತ್ರಿ ಇಂಡಿಯನ್ ಡಿನ್ನರ್, ಬಹುಪಾಲು ಎಲ್ಲದರಲ್ಲೂ ಇದೇ ಸಾಲು. ದೇವಸ್ಥಾನ, ಬೀಚ್ ನೋಡಿ ಬರುವವರಿಗೆ ಅದು ಸಾಕು. ಆ ಊರಿನವರು ಬೆಳಗ್ಗೆ ಏನು ತಿನ್ನುತ್ತಾರೆ, ಸಂಜೆ ಯಾವ ಗಾಡಿ ಮುಂದೆ ಸಾಲು ನಿಲ್ಲುತ್ತಾರೆ ಎಂದು ತಿಳಿಯಬೇಕಾದವರು ಸ್ವಂತವಾಗಿ ಹೊರಡುವುದೇ ಮೇಲು. ಆಗ ಎದುರಾಗುವ ಪ್ರಶ್ನೆ: ರಜೆ ಹತ್ತು ದಿನ, ಮನಸ್ಸಿನಲ್ಲಿ ನಾಲ್ಕು ದೇಶ, ಆಯ್ಕೆ ಹೇಗೆ?

ನಾಲ್ಕನ್ನೂ ಒಂದೇ ಸಲಕ್ಕೆ ಸುತ್ತುವ ಆಸೆ ಮೊದಲು ಬಿಡಿ. ಒಂದು ಗಡಿ ದಾಟಲು, ಏರ್‌ಪೋರ್ಟು, ಇಮಿಗ್ರೇಷನ್, ಹೋಟೆಲ್ ಚೆಕ್-ಇನ್ ಎಲ್ಲ ಸೇರಿ ಒಂದು ದಿನ ಹೋಗುತ್ತದೆ, ಅಂದರೆ ಮೂರು ಊಟ ಹೋಗುತ್ತದೆ. ಒಳ್ಳೆಯ ಗಾಡಿ, ಅಂಗಡಿಗಳಿಗೆ ತಮ್ಮದೇ ಹೊತ್ತಿರುತ್ತದೆ. ಕೆಲವು ಬೆಳಗ್ಗೆ ಹತ್ತಕ್ಕೆ ಪಾತ್ರೆ ಖಾಲಿ ಮಾಡಿ ಬಾಗಿಲು ಹಾಕುತ್ತವೆ, ಕೆಲವು ಸಂಜೆ ಆರಕ್ಕೆ ಒಲೆ ಹಚ್ಚುತ್ತವೆ. ಒಂದು ಊರಲ್ಲಿ ಮೂರು ರಾತ್ರಿಯಾದರೂ ಇದ್ದರೆ ಮಾತ್ರ ಈ ಹೊತ್ತು ಕೈಗೆ ಸಿಗುತ್ತದೆ.

ದೇಶಕ್ಕಿಂತ ಮೊದಲು ಇವು

ಮೊದಲನೆಯದು, ನೀವು ಏನು ತಿನ್ನುವುದಿಲ್ಲ ಎಂಬುದು. ಬರೀ "ವೆಜ್" ಎಂದರೆ ಅಲ್ಲಿ ಏನೂ ತಿಳಿಯುವುದಿಲ್ಲ. ಮೊಟ್ಟೆ ಆಗುತ್ತದೆಯೇ? ಮೀನಿನ ರಸ ಬಿದ್ದ ಸಾರು ಆಗುತ್ತದೆಯೇ? ಮಾಂಸ ಹುರಿದ ಬಾಣಲೆಯಲ್ಲೇ ನಿಮ್ಮ ತರಕಾರಿಯನ್ನೂ ಹುರಿದರೆ ನಡೆಯುತ್ತದೆಯೇ? ಈರುಳ್ಳಿ, ಬೆಳ್ಳುಳ್ಳಿ? ಮಾಂಸ ತಿನ್ನುವವರಾದರೆ ದನದ್ದು, ಹಂದಿಯದ್ದು ಯಾವುದು ಬೇಡ? ಈ ಐದು ಪ್ರಶ್ನೆಗೆ ಮನೆಯಲ್ಲಿ ಒಬ್ಬೊಬ್ಬರದೂ ಉತ್ತರ ಬರೆದಿಟ್ಟುಕೊಳ್ಳಿ. ಅರ್ಧ ಆಯ್ಕೆ ಅಲ್ಲೇ ಮುಗಿಯುತ್ತದೆ.

ಎರಡನೆಯದು ಜೊತೆಗಾರರು. ಥೈಲ್ಯಾಂಡ್, ವಿಯೆಟ್ನಾಂ ಊಟದಲ್ಲಿ ಮೊಸರು ಎಂಬುದೇ ಇಲ್ಲ. ಕೊನೆಗೊಂದು ತುತ್ತು ಮೊಸರನ್ನ ಇಲ್ಲದೆ ಏಳದ ಹಿರಿಯರು ಜೊತೆಯಲ್ಲಿದ್ದರೆ ಮೂರನೇ ದಿನದ ಹೊತ್ತಿಗೆ ಅವರ ಮುಖ ನೋಡಲಾಗುವುದಿಲ್ಲ.

ಮೂರನೆಯದು ತಿಂಗಳು. ನಮ್ಮ ರಜೆ ಬರುವುದು ದಸರೆಗೆ, ಇಲ್ಲವೇ ಏಪ್ರಿಲ್-ಮೇ ತಿಂಗಳಲ್ಲಿ. ಎರಡೂ ಹೊತ್ತು ಎಲ್ಲ ಕಡೆಗೂ ಒಗ್ಗುವುದಿಲ್ಲ.

ದುಡ್ಡಿನ ಮಾತು ಕೊನೆಗೆ. ರಸ್ತೆ ಬದಿ ತಿಂದರೆ ನಾಲ್ಕು ದೇಶಗಳಲ್ಲೂ ದಿನದ ಊಟದ ಖರ್ಚು ಒಬ್ಬರಿಗೆ ಅಂದಾಜು ಎಂಟುನೂರರಿಂದ ಸಾವಿರದೈನೂರು ರೂಪಾಯಿಯೊಳಗೇ ಸುತ್ತುತ್ತದೆ. ಬಜೆಟ್ ಏರುಪೇರಾಗುವುದು ವಿಮಾನ, ವೀಸಾ ಮತ್ತು ಒಳಗಿನ ಓಡಾಟದಿಂದ.

ಶ್ರೀಲಂಕಾ: ಹತ್ತಿರ, ಸುಲಭ, ಸ್ವಲ್ಪ ಪರಿಚಿತ

ಬೆಂಗಳೂರಿಂದ ಕೊಲಂಬೊಗೆ ಒಂದೂವರೆ ಗಂಟೆ ಚಿಲ್ಲರೆ. ಮೈಸೂರಿಂದ ಏರ್‌ಪೋರ್ಟ್ ತಲುಪುವ ಹೊತ್ತೇ ಅದರ ಮೂರರಷ್ಟು. ಐದಾರು ದಿನವಷ್ಟೇ ಇರುವವರಿಗೆ ನಾಲ್ಕರಲ್ಲಿ ಇದೊಂದೇ ಸರಿ.

ಮಧ್ಯಾಹ್ನದ ಊಟವೆಂದರೆ ಅನ್ನ, ಅದರ ಸುತ್ತ ನಾಲ್ಕೈದು ಪಲ್ಯ-ಸಾರು, ಮೇಲೊಂದು ಹಪ್ಪಳ. ಎಳೆ ಹಲಸಿನಕಾಯಿಯ ಪೊಲೋಸ್, ತೆಂಗಿನ ಹಾಲಿನ ಮಸೂರು ಬೇಳೆ, ಕರಿದ ಬದನೆಯ ಹುಳಿ-ಸಿಹಿ ಮೋಜು. ಗೊಟುಕೊಳ ಎಂದು ಹೆಚ್ಚಿ ಬಡಿಸುವ ಹಸಿ ಸೊಪ್ಪು ನಮ್ಮ ಒಂದೆಲಗವೇ. ಮೀನಿನ ಅಂಬುಲ್ ತಿಯಲ್‌ಗೆ ಹುಳಿ ಕೊಡುವ ಗೊರಕ ಮಲೆನಾಡಿನ ಉಪ್ಪಾಗೆ. ಬೆಳಗಿನ ಇಂದಿಆಪ್ಪ ಒತ್ತು ಶಾವಿಗೆ. ಸಂಜೆ ಹಾಕುವ ಅಪ್ಪ ಮಾತ್ರ ನಿಂತು ನೋಡುವಂಥದ್ದು. ಹುದುಗಿದ ಅಕ್ಕಿ ಹಿಟ್ಟನ್ನು ಸಣ್ಣ ಗುಂಡಿ ಬಾಣಲೆಗೆ ಸುರಿದು ಒಂದು ಸುತ್ತು ತಿರುಗಿಸಿ, ಮುಚ್ಚಳ ಹಾಕಿ ಎರಡು ಮೂರು ನಿಮಿಷ ಬಿಡುತ್ತಾರೆ. ಅಂಚು ಕಾಗದದ ಹಾಗೆ ಗರಿಗರಿ, ನಡು ಮೆತ್ತಗೆ. ಐದು ನಿಮಿಷ ಕಳೆದರೆ ಅಂಚು ಜೋತುಬಿದ್ದು ತೊಗಲಾಗುತ್ತದೆ, ಆದ್ದರಿಂದ ಇದನ್ನು ಪಾರ್ಸೆಲ್ ತೆಗೆದುಕೊಳ್ಳುವುದು ದಂಡ.

ಸಸ್ಯಾಹಾರಿಗಳು ಕಣ್ಣಿಡಬೇಕಾದ್ದು ಉಂಬಲಕಡದ ಮೇಲೆ. ಸೂರೆ (ಟ್ಯೂನಾ) ಮೀನನ್ನು ಬೇಯಿಸಿ, ಹೊಗೆ ಹಾಕಿ, ಕೊರಡಿನಂತೆ ಒಣಗಿಸಿ ಕುಟ್ಟಿದ ಪುಡಿ ಇದು. ತೆಂಗಿನ ಚಟ್ನಿಯಂಥ ಸಂಬೋಲಕ್ಕೂ ಬೀಳುತ್ತದೆ, ಸೊಪ್ಪಿನ ಪಲ್ಯಕ್ಕೂ ಬೀಳುತ್ತದೆ, ಕಣ್ಣಿಗೆ ಕಾಣುವುದಿಲ್ಲ. "ಉಂಬಲಕಡ ಎಪಾ" ಎಂದರೆ ಬೇಡವೆಂದು. ಆದರೆ ಸಂಬೋಲ ಬೆಳಗ್ಗೆಯೇ ಕಲಸಿಟ್ಟಿರುತ್ತಾರೆ, ಕೇಳಿದ ಮೇಲೆ ತೆಗೆಯಲಾಗುವುದಿಲ್ಲ. ಖಾತ್ರಿ ಬೇಕಿದ್ದರೆ ತಮಿಳರ "ಸೈವ" ಹೋಟೆಲು ಹುಡುಕಿ. ಜಾಫ್ನಾದಲ್ಲೂ ಕೊಲಂಬೊದ ವೆಳ್ಳವತ್ತೆಯಲ್ಲೂ ಧಾರಾಳವಾಗಿವೆ. ಮೀನು ತಿನ್ನುವವರಿಗೆ ಜಾಫ್ನಾದ ಏಡಿ ಸಾರು, ತಾಳೆ ಗೆಡ್ಡೆಯ ಹಿಟ್ಟು ಹಾಕಿದ ಕೂಳ್ ಎರಡಕ್ಕೇ ರೈಲು ಹತ್ತಬಹುದು, ಆದರೆ ಕೊಲಂಬೊದಿಂದ ಹೋಗುವುದಕ್ಕೊಂದು ದಿನ, ಬರುವುದಕ್ಕೊಂದು ದಿನ ಎತ್ತಿಡಿ.

ಮೊಸರಿನವರಿಗೆ ಇಲ್ಲಿ ಬಿಡುವು. ಮಣ್ಣಿನ ಕುಡಿಕೆಯಲ್ಲಿ ಎಮ್ಮೆ ಮೊಸರು, ಮೇಲೆ ಬೈನೆ ಮರದ ನೀರಾ ಕಾಯಿಸಿದ ಕಿತುಳ್ ಪಾನಿ. ಜೋನಿ ಬೆಲ್ಲ ತಿಂದು ಬೆಳೆದ ಮಂಡ್ಯದವರ ನಾಲಿಗೆ ಅಸಲಿಯನ್ನು ಬೇಗ ಪತ್ತೆ ಹಚ್ಚುತ್ತದೆ: ಅಸಲಿಗೆ ತೆಳುವಾದ ಹೊಗೆಯ ವಾಸನೆ ಇರುತ್ತದೆ, ಸಕ್ಕರೆ ಬೆರೆಸಿದ್ದಕ್ಕೆ ಬರೀ ಸಿಹಿ.

ಕೊರತೆ ಏನೆಂದರೆ ಹೊಸತನ. ಎರಡನೇ ದಿನಕ್ಕೇ "ಇದು ನಮ್ಮೂಟವೇ ಅಲ್ಲವೇ" ಎನ್ನುವವರು ಗುಂಪಿನಲ್ಲಿ ಇದ್ದೇ ಇರುತ್ತಾರೆ. ಪ್ರತಿ ಹುಣ್ಣಿಮೆ ಅಲ್ಲಿ ಪೋಯಾ ರಜೆ, ಅಂದು ಮದ್ಯ, ಮಾಂಸದ ಮಾರಾಟ ಬಂದ್. ಏಪ್ರಿಲ್ 13-14ರ ಹೊಸ ವರ್ಷದ ಆಸುಪಾಸಿನಲ್ಲಿ ಸಣ್ಣ ಹೋಟೆಲುಗಳು ದಿನಗಟ್ಟಲೆ ಮುಚ್ಚುತ್ತವೆ, ಏಪ್ರಿಲ್ ರಜೆಯವರು ತಿಂಗಳ ಕೊನೆಗೆ ಹೊರಡಿ.

ಪೆನಾಂಗ್: ಒಂದೇ ಮೇಜಿನಲ್ಲಿ ಮೂರು ಅಡುಗೆಮನೆ

ಮನೆಯಲ್ಲಿ ಒಬ್ಬರು ಶುದ್ಧ ಸಸ್ಯಾಹಾರಿ, ಇನ್ನೊಬ್ಬರಿಗೆ ಸಿಗಡಿ ಬೇಕು, ಮಕ್ಕಳಿಗೆ ನೂಡಲ್ಸ್ ಬೇಕು ಅನ್ನುವ ಕುಟುಂಬಕ್ಕೆ ಮಲೇಷ್ಯಾದ ಪೆನಾಂಗ್‌ನ ಜಾರ್ಜ್ ಟೌನ್ ಬಿಟ್ಟು ಬೇರೆ ಊರು ಸೂಚಿಸುವುದು ಕಷ್ಟ. ಚೀನೀ, ಮಲಯ, ತಮಿಳು ಅಡುಗೆ ಒಂದೇ ಬೀದಿಯಲ್ಲಿವೆ. 2008ರಿಂದ ಈ ಹಳೇ ಊರು ಯುನೆಸ್ಕೊ ಪಾರಂಪರಿಕ ತಾಣ, ನಡೆದೇ ಮುಗಿಸಬಹುದು.

ಕೋಪಿಟಿಯಾಮ್ ಎಂಬ ಕಾಫಿ ಅಂಗಡಿಯೊಳಗೆ ಬೇರೆ ಬೇರೆಯವರ ಗಾಡಿಗಳು ನಿಂತಿರುತ್ತವೆ. ಮೇಜು ಹಿಡಿದು, ಅದರ ನಂಬರ್ ನೋಡಿಕೊಂಡು, ಗಾಡಿಯ ಹತ್ತಿರ ಹೋಗಿ ಹೇಳಿ ಬರಬೇಕು. ತಟ್ಟೆ ಬಂದಾಗ ಅವರವರಿಗೇ ದುಡ್ಡು. ಕುಡಿಯುವುದನ್ನು ಮಾತ್ರ ಅಂಗಡಿಯವನೇ ಬಂದು ಕೇಳುತ್ತಾನೆ. ಏನೂ ಬೇಡವೆಂದರೆ ಮುಖ ಗಂಟಿಕ್ಕುತ್ತಾನೆ, ಜಾಗದ ಬಾಡಿಗೆ ಅವನಿಗೆ ಹುಟ್ಟುವುದು ಅದರಲ್ಲೇ. ಒಂದು ತಟ್ಟೆ ಸುಮಾರು ಆರರಿಂದ ಹತ್ತು ರಿಂಗಿಟ್.

ಚಾರ್ ಕ್ವೇ ಟಿಯಾವ್ ಮಾಡುವವನ ಎದುರು ಹತ್ತು ನಿಮಿಷ ನಿಲ್ಲಿ. ಬಾಣಲೆ ಹೊಗೆಯಾಡುವಷ್ಟು ಕಾದ ಮೇಲೆ ಕೊಬ್ಬು, ಬೆಳ್ಳುಳ್ಳಿ, ಸಿಗಡಿ, ಅಗಲವಾದ ಅಕ್ಕಿ ನೂಡಲ್ಸ್, ಸೋಯಾ ರಸ, ನಡುವೆ ಜಾಗ ಮಾಡಿ ಮೊಟ್ಟೆ, ಕೊನೆಗೆ ಮೊಳಕೆ ಕಾಳು, ಬೆಳ್ಳುಳ್ಳಿ ಸೊಪ್ಪು, ಚಿಪ್ಪಿನ ಮಾಂಸ. ಒಂದು ತಟ್ಟೆಗೆ ಎರಡು ಮೂರು ನಿಮಿಷ. ಒಳ್ಳೆಯ ಕೈಯವನು ಒಂದು ಸಲಕ್ಕೆ ಒಂದೇ ತಟ್ಟೆ ಹುರಿಯುತ್ತಾನೆ. ನಾಲ್ಕು ತಟ್ಟೆಯದ್ದು ಒಟ್ಟಿಗೆ ಸುರಿದರೆ ಬಾಣಲೆ ತಣಿದು ನೂಡಲ್ಸ್ ನೀರು ಬಿಟ್ಟುಕೊಂಡು ಹುರಿಯುವ ಬದಲು ಬೇಯುತ್ತದೆ, ಆ ಸುಟ್ಟ ಪರಿಮಳ ಬರುವುದೇ ಇಲ್ಲ. ಅಂಗಡಿ ಆರಿಸಲು ಇದಕ್ಕಿಂತ ಒಳ್ಳೆಯ ಗುರುತು ಬೇರೆ ಇಲ್ಲ, ಇಂಟರ್‌ನೆಟ್‌ನ ಸ್ಟಾರ್‌ಗಳನ್ನು ನೆಚ್ಚಬೇಡಿ. ಕೊಬ್ಬು ಬಹುತೇಕ ಹಂದಿಯದ್ದೇ ಎಂಬುದು ನೆನಪಿರಲಿ.

ಅಸ್ಸಾಮ್ ಲಕ್ಸಾ ಎಂಬ ಹುಳಿ ಮೀನು ಸಾರಿನ ನೂಡಲ್ಸ್ ನಮ್ಮ ಕಡೆಯ ಮೀನು ಪ್ರಿಯರಿಗೆ ಒಂದೇ ಗುಟುಕಿಗೆ ಹತ್ತಿರವಾಗುತ್ತದೆ. ಕೆಂಬುಂಗ್ ಎಂಬ ಮೀನು ಬಂಗುಡೆಯೇ. ಬೇಯಿಸಿ ಬಿಡಿಸಿ, ಹುಳಿ ಸಾರಿಗೆ ಹಾಕಿ, ಶುಂಠಿ ಜಾತಿಯ ಕೆಂಪು ಹೂವಿನ ಮೊಗ್ಗು, ಪುದೀನ, ಅನಾನಸ್, ಮೇಲೆ ಒಂದು ಚಮಚ ಕಪ್ಪನೆಯ ಸಿಗಡಿ ಅಂಟು. ಆ ಅಂಟನ್ನು ಪೂರ್ತಿ ಕಲಸಿಬಿಡಬೇಡಿ, ಮೊದಲು ಚಮಚದ ತುದಿಯಲ್ಲಿ ರುಚಿ ನೋಡಿ. ತಮಿಳು ಮುಸ್ಲಿಮರ ನಾಸಿ ಕಂದರ್‌ನಲ್ಲಿ ಅನ್ನದ ಮೇಲೆ ನಾಲ್ಕಾರು ಬಗೆ ಸಾರು ಸುರಿಸಿಕೊಳ್ಳಬೇಕಾದರೆ "ಬಂಜಿರ್" ಎನ್ನಿ. "ದಾಗಿಂಗ್" ಎಂದರೆ ಅಲ್ಲಿ ಸಾಮಾನ್ಯವಾಗಿ ದನದ ಮಾಂಸ, ಕೇಳಿಕೊಂಡೇ ಹಾಕಿಸಿಕೊಳ್ಳಿ.

ಸಸ್ಯಾಹಾರಿಗಳಿಗೆ ಲಿಟಲ್ ಇಂಡಿಯಾದ ಬಾಳೆಲೆ ಊಟ, ದೋಸೆ, ಮೊಸರು ಯಾವ ಹೊತ್ತಿಗೂ ಇದೆ. ಆದರೆ ದೋಸೆ ತಿನ್ನಲು ಅಷ್ಟು ದೂರ ಹೋಗಬೇಕೇ? ಚೀನೀ ಬೌದ್ಧರ ಸಸ್ಯಾಹಾರಿ ಅಂಗಡಿಗಳಲ್ಲಿ ಸೋಯಾ, ಅಣಬೆಯಲ್ಲೇ ಅಲ್ಲಿನ ಸ್ಥಳೀಯ ತಿನಿಸುಗಳನ್ನು ಮಾಡುತ್ತಾರೆ, ಹೋಗಬೇಕಾದ್ದು ಅಲ್ಲಿಗೆ. ನಾಸಿ ಲೆಮಾಕ್ ಎಂಬ ತೆಂಗಿನ ಹಾಲಿನ ಅನ್ನದ ಜೊತೆಗಿನ ಕೆಂಪು ಸಂಬಾಲ್ ನೋಡಲು ಸಾದಾ ಚಟ್ನಿ, ಒಳಗೆ ಸಿಗಡಿಯ ಬೆಲಾಚಾನ್ ಇರುತ್ತದೆ.

ತೊಂದರೆ ದಾರಿಯದ್ದು. ಕೌಲಾಲಂಪುರಕ್ಕೆ ನಾಲ್ಕು ಗಂಟೆ, ಅಲ್ಲಿಂದ ಮತ್ತೊಂದು ವಿಮಾನ, ಇಲ್ಲವೇ ಬಟರ್‌ವರ್ತ್‌ವರೆಗೆ ನಾಲ್ಕು ಗಂಟೆ ಮೀರಿದ ರೈಲು, ಆಮೇಲೆ ಫೆರಿ. ಬರೀ ಕೌಲಾಲಂಪುರದಲ್ಲಿ ಉಳಿದು ಪೆನಾಂಗ್ ಬಿಟ್ಟುಬರುವುದು ಊಟದ ಪ್ರವಾಸಕ್ಕೆ ಅರ್ಥವಿಲ್ಲದ ಮಾತು.

ಥೈಲ್ಯಾಂಡ್: ಉತ್ತರಕ್ಕೆ ಹೋಗಿ

ಬ್ಯಾಂಕಾಕ್ ಬಗ್ಗೆ ಬರೆದವರು ಸಾಕಷ್ಟಿದ್ದಾರೆ. ಊಟಕ್ಕೆಂದು ಹೋಗುವವರು ಅಲ್ಲಿ ಎರಡು ರಾತ್ರಿ ಕಳೆದು ಚಿಯಾಂಗ್ ಮಾಯ್‌ಗೆ ನಡೆಯಿರಿ.

ನಾಟಿ ಕೋಳಿ ಸಾರು, ಮುದ್ದೆ ಮೆಚ್ಚುವವರಿಗೆ ಅಲ್ಲಿನ ಊಟದ ಕ್ರಮ ಕೂಡಲೇ ಕೈಹಿಡಿಯುತ್ತದೆ. ಅಂಟಕ್ಕಿಯ ಅನ್ನವನ್ನು ಕೈಯಲ್ಲೇ ಉಂಡೆ ಮಾಡಿ, ಸುಟ್ಟ ಹಸಿಮೆಣಸಿನಕಾಯಿ ಕುಟ್ಟಿದ ನಾಮ್ ಪ್ರಿಕ್ ನುಮ್‌ಗೆ ಅದ್ದಿ, ಸುಟ್ಟ ಕೋಳಿಯೊಂದಿಗೆ ತಿನ್ನುತ್ತಾರೆ. ಖಾವ್ ಸೋಯ್ ಎಂಬುದು ತೆಂಗಿನ ಹಾಲಿನ ಕೋಳಿ ಸಾರಿನಲ್ಲಿ ಮೊಟ್ಟೆ ನೂಡಲ್ಸ್, ಮೇಲೆ ಅದೇ ನೂಡಲ್ಸ್ ಕರಿದದ್ದು, ಪಕ್ಕದಲ್ಲಿ ಸಾಸಿವೆ ಸೊಪ್ಪಿನ ಉಪ್ಪಿನಕಾಯಿ, ನಿಂಬೆ. ಒಂದು ಬಟ್ಟಲು ಐವತ್ತರಿಂದ ಎಂಬತ್ತು ಬಾತ್.

ನಮ್ಮವರು ಕೆಡುವುದು ಖಾರದ ಜಂಬದಲ್ಲಿ. ನಮ್ಮ ಸಾರಿನ ಖಾರ ಬೆಂದದ್ದು, ಜೊತೆಗೆ ತುಪ್ಪವೋ ಮಜ್ಜಿಗೆಯೋ ಇರುತ್ತದೆ. ಸೋಮ್ ತಾಮ್ ಎಂಬ ಹಸಿ ಪರಂಗಿಕಾಯಿ ಕೋಸಂಬರಿಗೆ ಬೀಳುವುದು ಸೂಜಿಮೆಣಸಿನಂಥ ಹಸಿ ಮೆಣಸಿನಕಾಯಿ, ಒರಳಲ್ಲಿ ಜಜ್ಜಿದ್ದು. ಹುಳಿ-ಸಿಹಿಗೆ ಮರುಳಾಗಿ ತಟ್ಟೆ ಮುಗಿಸಿದ ಮೇಲೆ ಹೊಟ್ಟೆ ಮಾತಾಡುತ್ತದೆ. ಕುಟ್ಟುವ ಮೊದಲೇ ಎರಡು ಬೆರಳು ತೋರಿಸಿ "ಪ್ರಿಕ್ ಸೋಂಗ್" ಎನ್ನಿ, ಎರಡೇ ಮೆಣಸಿನಕಾಯಿ. "ಪ್ಲಾ ರಾ" ಹಾಕಿದ್ದೆಂದರೆ ಕೊಳೆಸಿದ ಮೀನಿನ ರಸ, ಮೊದಲ ದಿನವೇ ಬೇಡ.

ಸಸ್ಯಾಹಾರಿಗಳಿಗೆ ನಾಲ್ಕರಲ್ಲಿ ಕಷ್ಟದ ದೇಶ ಇದು. ಮೀನಿನ ರಸ ನಾಮ್ ಪ್ಲಾ ಉಪ್ಪಿನ ಜಾಗದಲ್ಲಿ ನಿಂತಿದೆ, ಪೇಸ್ಟ್‌ಗಳಲ್ಲಿ ಸಿಗಡಿ ಮೊದಲೇ ಅರೆದಿರುತ್ತದೆ. ದಾರಿ ಇಲ್ಲವೆಂದಲ್ಲ: ಹಳದಿ ಬಾವುಟದ ಮೇಲೆ ಕೆಂಪಕ್ಷರದ "ಜೇ" ಇದ್ದರೆ ಮೀನು, ಮೊಟ್ಟೆ, ಹಾಲು ಅಷ್ಟೇ ಅಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ಚೀನೀ ಪಂಚಾಂಗದ ಒಂಬತ್ತನೇ ತಿಂಗಳ ಮೊದಲ ಒಂಬತ್ತು ದಿನ ಜೇ ಹಬ್ಬ, ಆಗ ಬೀದಿಗೆ ಬೀದಿಯೇ ಹಳದಿ. ಎಷ್ಟೋ ವರ್ಷ ಇದು ನಮ್ಮ ನವರಾತ್ರಿಯ ಜೊತೆಗೇ ಬರುತ್ತದೆ. 2024ರಲ್ಲಿ ಎರಡೂ ಅಕ್ಟೋಬರ್ 3ರ ಹೊತ್ತಿಗೆ ಶುರುವಾದವು. ಚೀನೀ ಅಧಿಕ ಮಾಸ ಬಿದ್ದ 2025ರಲ್ಲಿ ಹಬ್ಬ ಅಕ್ಟೋಬರ್ ಕೊನೆಗೆ ಸರಿಯಿತು. ದಸರಾ ರಜೆಗೆ ಹೋಗುವ ಸಸ್ಯಾಹಾರಿಗಳು ಆ ವರ್ಷದ ತಾರೀಕು ತಾಳೆ ನೋಡಿಕೊಂಡು ಟಿಕೆಟ್ ಮಾಡಿಸಿ.

ಫೆಬ್ರುವರಿ ನಡುವಿಂದ ಏಪ್ರಿಲ್‌ವರೆಗೆ ಚಿಯಾಂಗ್ ಮಾಯ್ ಸುತ್ತ ಹೊಲ, ಕಾಡು ಸುಡುವ ಹೊಗೆ ಕವಿದಿರುತ್ತದೆ. ಉಬ್ಬಸದವರು ಆ ಕಡೆ ತಲೆ ಹಾಕಬೇಡಿ. ಅರ್ಧ ದಿನದ ಅಡುಗೆ ತರಗತಿ ಸುಮಾರು ಸಾವಿರ ಬಾತ್‌ಗೆ ಸಿಗುತ್ತದೆ. ಮಾರುಕಟ್ಟೆ ಸುತ್ತಾಟ ಸೇರಿದ್ದನ್ನೇ ಆರಿಸಿ.

ವಿಯೆಟ್ನಾಂ: ಹೊಸ ನಾಲಿಗೆ ಬೇಕಿದ್ದರೆ

ನಾಲ್ಕರಲ್ಲಿ ನಮ್ಮ ಅಡುಗೆಯಿಂದ ಅತಿ ದೂರದ್ದು ಇದು, ಹಾಗಾಗಿ ಊಟವನ್ನು ನಿಜಕ್ಕೂ ಕಲಿಯಬಯಸುವವರಿಗೆ ಮೊದಲ ಆಯ್ಕೆ. ಒಗ್ಗರಣೆ ಇಲ್ಲ, ಮಸಾಲೆ ಪುಡಿ ಇಲ್ಲ, ಎಣ್ಣೆ ಕಡಿಮೆ. ರುಚಿ ನಿಂತಿರುವುದು ಸಾರಿನ ಮೇಲೆ, ಹಸಿ ಸೊಪ್ಪಿನ ಮೇಲೆ. ಖಾರ, ಹುಳಿ ಪಕ್ಕದಲ್ಲಿ ಬರುತ್ತದೆ, ಬೆರೆಸಿಕೊಳ್ಳುವುದು ನಿಮ್ಮ ಕೆಲಸ. ಸಪ್ಪೆ ಎಂದು ಮೊದಲೇ ಸಾಸ್ ಸುರಿಯುವವರು ಫೋ ಎಂಬ ನೂಡಲ್ಸ್ ಸಾರನ್ನು ತಿಂದಂತೆಯೇ ಅಲ್ಲ: ಸುಟ್ಟ ಶುಂಠಿ-ಈರುಳ್ಳಿ, ಚಕ್ಕೆ, ಚಕ್ರಮೊಗ್ಗು ಹಾಕಿ ಗಂಟೆಗಟ್ಟಲೆ ಮೂಳೆ ಕುದಿಸಿರುತ್ತಾರೆ. ಮೂರು ಗುಟುಕು ಬರಿದೇ ಕುಡಿಯಿರಿ, ಆಮೇಲೆ ನಿಂಬೆ. ದನದ್ದು ಬೇಡವಾದರೆ "ಫೋ ಗಾ" ಕೇಳಿ, ಅದು ಕೋಳಿಯದ್ದು. ಒಂದು ಬಟ್ಟಲಿಗೆ ನಲವತ್ತರಿಂದ ಎಪ್ಪತ್ತು ಸಾವಿರ ಡಾಂಗ್.

ಹನೋಯ್‌ನಲ್ಲಿ ಮಧ್ಯಾಹ್ನ ಕೆಂಡದ ಮೇಲೆ ಹಂದಿ ಮಾಂಸ ಸುಟ್ಟ ಬುನ್ ಚಾ, ಬೆಳಗ್ಗೆ ಹಬೆಯಲ್ಲಿ ಬೆಂದ ತೆಳು ಅಕ್ಕಿ ಹಾಳೆಯ ಬಾನ್ ಕುವೊನ್. ಹುಯೆಯಲ್ಲಿ ಮಜ್ಜಿಗೆಹುಲ್ಲಿನ ಘಮದ, ಖಾರದ ಬುನ್ ಬೋ ಎಂಬ ದನದ ಮಾಂಸದ ನೂಡಲ್ಸ್. ಹೊಯ್ ಆನ್‌ನಲ್ಲಿ ಗಟ್ಟಿ ನೂಡಲ್ಸ್‌ನ ಕಾವ್ ಲಾವ್. ಒಂಬತ್ತು ದಿನವಿದ್ದರೆ ಹನೋಯ್ ಮೂರು ರಾತ್ರಿ, ಹುಯೆ ಎರಡು, ಹೊಯ್ ಆನ್ ಮೂರು. ಹುಯೆಯಿಂದ ದಾ ನಾಂಗ್‌ಗೆ ಹಾಯ್ ವಾನ್ ಘಾಟಿಯ ರೈಲು, ಅಲ್ಲಿಂದ ಹೊಯ್ ಆನ್ ಸುಮಾರು 30 ಕಿಲೋಮೀಟರ್. ಸೈಗಾನ್ ಇನ್ನೊಂದು ಸಲಕ್ಕೆ ಇಡಿ.

ಸಸ್ಯಾಹಾರಿಗಳಿಗೆ ಇಲ್ಲಿ ಒಳ್ಳೆಯ ಸುದ್ದಿ. "ಚಾಯ್" ಎಂಬ ಬೋರ್ಡು ಬೌದ್ಧ ಸಸ್ಯಾಹಾರದ್ದು. ಚಾಂದ್ರ ತಿಂಗಳ 1 ಮತ್ತು 15, ಅಂದರೆ ಹೆಚ್ಚುಕಡಿಮೆ ಅಮಾವಾಸ್ಯೆ ಮತ್ತು ಹುಣ್ಣಿಮೆಯಂದು, ಬಹಳ ಜನ ಚಾಯ್ ತಿನ್ನುತ್ತಾರೆ. ಅಂದು ಬೇರೆ ದಿನ ಇಲ್ಲದ ತಿಂಡಿಗಳೂ ಬೀದಿಗೆ ಬರುತ್ತವೆ. ಪಗೋಡಗಳ ಊರು ಹುಯೆಯಲ್ಲಿ ಈ ಅಡುಗೆ ಬಹಳ ನಾಜೂಕು. ಆ ಎರಡರಲ್ಲಿ ಒಂದು ದಿನ ಹುಯೆಯಲ್ಲಿರುವಂತೆ ಕ್ಯಾಲೆಂಡರ್ ನೋಡಿ ಹೊರಟರೆ ಸಸ್ಯಾಹಾರಿಗೆ ನಾಲ್ಕು ದೇಶಗಳ ಪೈಕಿ ಅತ್ಯುತ್ತಮ ಊಟ ಅಲ್ಲೇ. ಮಾಂಸದ ಅಂಗಡಿಯಲ್ಲಿ "ಮಾಂಸ ತೆಗೆದು ಕೊಡಿ" ಎಂದರೆ ಮಾತ್ರ ಮೂಳೆ ಸಾರೇ ಬರುತ್ತದೆ. ನಾಯಿ ಮಾಂಸದ ಅಂಜಿಕೆಯಿಂದ ಹಿಂಜರಿಯುವವರಿಗೆ: ಅದನ್ನು ಬೋರ್ಡು ಹಾಕಿಕೊಂಡ ಪ್ರತ್ಯೇಕ ಅಂಗಡಿಗಳಲ್ಲೇ ಮಾರುತ್ತಾರೆ, ಫೋ ಅಂಗಡಿಯಲ್ಲಲ್ಲ.

ದಸರಾ ರಜೆಗೆ ಮಧ್ಯ ವಿಯೆಟ್ನಾಂ ಬೇಡ. ಅಕ್ಟೋಬರ್, ನವೆಂಬರ್‌ನಲ್ಲಿ ಹೊಯ್ ಆನ್ ಬೀದಿಗಳಿಗೆ ನೆರೆ ನುಗ್ಗುತ್ತದೆ. ಫೆಬ್ರುವರಿ ಕೊನೆಯಿಂದ ಏಪ್ರಿಲ್‌ವರೆಗೆ ಹಿತ, ಅಲ್ಲಿನ ಹೊಸ ವರ್ಷದ ಟೆಟ್ ಹಬ್ಬದ ವಾರ ಬಿಟ್ಟು. ದುಡ್ಡು ಕೊಡುವಾಗ ಎಚ್ಚರ: 20,000 ಮತ್ತು 500,000ದ ನೋಟು ಎರಡೂ ನೀಲಿ ಛಾಯೆಯವು, ರಾತ್ರಿ ಬೆಳಕಲ್ಲಿ ಅದಲು ಬದಲಾದರೆ ಇಪ್ಪತ್ತೈದು ಪಟ್ಟು ಹೋಯಿತು.

ಯಾರಿಗೆ ಯಾವುದು

ಐದಾರು ದಿನ, ಮೊದಲ ವಿದೇಶ, ಹಿರಿಯರು ಜೊತೆಯಲ್ಲಿ: ಶ್ರೀಲಂಕಾ. ಸಸ್ಯಾಹಾರಿ, ಮಾಂಸಾಹಾರಿ, ಮಕ್ಕಳು ಬೆರೆತ ಕುಟುಂಬ, ಏಳೆಂಟು ದಿನ: ಪೆನಾಂಗ್, ಏಪ್ರಿಲ್-ಮೇ ರಜೆಯಾದರೂ ಸೆಕೆ ತಡೆದುಕೊಂಡರೆ ಸಾಕು. ಹಂದಿ, ಕೋಳಿ ಎಲ್ಲ ತಿನ್ನುವ ಗೆಳೆಯರ ಗುಂಪು, ನವೆಂಬರ್‌ನಿಂದ ಜನವರಿ: ಥೈಲ್ಯಾಂಡ್ ಉತ್ತರ. ಇಬ್ಬರೇ ಹೊರಟು ಒಂಬತ್ತು ಹತ್ತು ದಿನ ಬಿಡುವಿದ್ದರೆ, ಸಸ್ಯಾಹಾರಿಯಾದರೂ ಸರಿ, ವಿಯೆಟ್ನಾಂ. ಒಳ ಓಡಾಟ ಹೆಚ್ಚಿರುವುದರಿಂದ ಖರ್ಚೂ ಅದಕ್ಕೇ ಹೆಚ್ಚು. ಸಿಗಡಿ, ಚಿಪ್ಪು, ಕಡಲೆಕಾಯಿ ಅಲರ್ಜಿ ಇರುವವರು ನಾಲ್ಕೂ ಕಡೆಯ ಬೀದಿ ತಿಂಡಿಗೆ ಕೈ ಹಾಕದಿರುವುದೇ ಕ್ಷೇಮ.

ಎರಡು ದೇಶ ಸೇರಿಸಲೇಬೇಕೆಂದರೆ ಹನ್ನೆರಡು ದಿನಕ್ಕೆ ಕಡಿಮೆ ಬೇಡ. ಆಗಲೂ ಪೆನಾಂಗ್ ಜೊತೆ ಥೈಲ್ಯಾಂಡ್ ಒಂದೇ ಹೊಂದುವ ಜೋಡಿ.

ಹೊರಡುವ ಮುಂಚೆ

ಪಾಸ್‌ಪೋರ್ಟ್‌ಗೆ ಈಗ ಬೆಂಗಳೂರಿಗೆ ಓಡಬೇಕಿಲ್ಲ. ಅಂಚೆ ಕಚೇರಿ ಪಾಸ್‌ಪೋರ್ಟ್ ಕೇಂದ್ರಗಳ ಯೋಜನೆ 2017ರಲ್ಲಿ ಶುರುವಾಗಿದ್ದೇ ಮೈಸೂರಿನಿಂದ, ಗುಜರಾತಿನ ದಾಹೋದ್ ಜೊತೆಗೆ. ಅವಧಿ ಆರು ತಿಂಗಳಿಗಿಂತ ಹೆಚ್ಚು ಉಳಿದಿರಬೇಕು. ಇನಿಷಿಯಲ್‌ನ ತೊಡಕು ನಮ್ಮ ಕಡೆಯವರಿಗೆ ಜಾಸ್ತಿ: ಪಾಸ್‌ಪೋರ್ಟಿನಲ್ಲಿ ಹೇಗಿದೆಯೋ ಅಕ್ಷರ ಬಿಡದೆ ಹಾಗೇ ಟಿಕೆಟ್, ವೀಸಾ ಎರಡರಲ್ಲೂ ಇರಲಿ. ವಿಯೆಟ್ನಾಂ ಇ-ವೀಸಾ ಸರ್ಕಾರಿ ಜಾಲತಾಣದಲ್ಲಿ ಒಂದು ಪ್ರವೇಶಕ್ಕೆ 25 ಡಾಲರ್. ಮಲೇಷ್ಯಾ, ಥೈಲ್ಯಾಂಡ್‌ನ ಡಿಜಿಟಲ್ ಆಗಮನ ಕಾರ್ಡುಗಳನ್ನು ಅಲ್ಲಿ ತಲುಪುವ ಮುಂಚಿನ ಮೂರು ದಿನದೊಳಗೆ ತುಂಬಬೇಕು, ಎರಡೂ ಪುಕ್ಕಟೆ. ದುಡ್ಡು ಕೇಳಿದರೆ ಅದು ನಕಲಿ ಜಾಲತಾಣ. ವೀಸಾ ನಿಯಮ ಆಗಾಗ ಬದಲಾಗುವುದರಿಂದ ಟಿಕೆಟ್ ಮಾಡಿಸುವ ದಿನವೇ ಮತ್ತೊಮ್ಮೆ ನೋಡಿ.

ಚಟ್ನಿಪುಡಿ, ಓಆರ್‌ಎಸ್ ಪೊಟ್ಟಣ ಬ್ಯಾಗಿನಲ್ಲಿರಲಿ. ಸಿಂಗಾಪುರ ಅಥವಾ ದುಬೈ ಮೂಲಕ ಹೋಗುವವರು ಗಸಗಸೆ, ಗಸಗಸೆ ಹಾಕಿದ ಮಸಾಲೆ ಪುಡಿ ಒಯ್ಯಬೇಡಿ, ಅಲ್ಲಿ ನಿಷೇಧ. ಮೊದಲ ದಿನ ಅರ್ಧ ಹೊಟ್ಟೆ ತಿನ್ನಿ. ನಡುವೆ ತೂತಿರುವ ಕೊಳವೆ ಐಸ್ ಕಾರ್ಖಾನೆಯದ್ದು, ಒಡೆದ ಗಡ್ಡೆ ಐಸ್ ಬೇಡ.

ಮೈಸೂರಿಂದ ಏರ್‌ಪೋರ್ಟ್‌ಗೆ ಕೆಎಸ್‌ಆರ್‌ಟಿಸಿ ಫ್ಲೈಬಸ್ ಇದೆ, ನಾಲ್ಕರಿಂದ ಐದು ಗಂಟೆ ಹಿಡಿಯುತ್ತದೆ. ರಾತ್ರಿ ಹನ್ನೊಂದರ ವಿಮಾನಕ್ಕೆ ಮಧ್ಯಾಹ್ನ ಮೂರರೊಳಗಿನ ಬಸ್ಸೇ ಹಿಡಿಯಿರಿ. ಬರುವಾಗ ಕಿತುಳ್ ಪಾನಿ, ಸಾಸ್ ಬಾಟಲಿ ಯಾವುದೂ ಕೈಚೀಲದಲ್ಲಿ ಬರುವುದಿಲ್ಲ, 100 ಮಿಲಿ ಮೀರಿದ್ದೆಲ್ಲ ದೊಡ್ಡ ಬ್ಯಾಗಿಗೆ, ಎರಡು ಕವರ್ ಸುತ್ತಿ. ಮೀನಿನ ರಸದ ಬಾಟಲಿಯನ್ನು ವಿಮಾನ ಕಂಪನಿಯವರು ಅಲ್ಲೂ ಬಿಡದಿರಬಹುದು, ಕೊಳ್ಳುವ ಮುಂಚೆ ಕೇಳಿಕೊಳ್ಳಿ.